ಪಾದಯಾತ್ರೆಗೆ ಕಾಲು ಪಳಗಿಸುವ ಬಗೆ



ತಿರುಪತಿಗೆ ಕಾಲ್ನಡಿಗೆಯಲ್ಲಿ ಬರುತ್ತೇನೆಂದು ಹರಕೆ ಹೊತ್ತುಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ಮಗನ ಕಾಯಿಲೆ ವಾಸಿಯಾದರೆ, ಕೊಳವೆ ಬಾವಿಯಲ್ಲಿ ನೀರು ಬಿದ್ದರೆ, ಮಗಳ ಮದುವೆ ಕೂಡಿಬಂದರೆ ನಡೆದು ಬಂದು ಮುಡಿ ಕೊಡುತ್ತೇನೆಂಬ ಮಾತನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಕೇಳುತ್ತಲೇ ಇರುತ್ತೇವೆ. ಚಿಂತಾಮಣಿಯಿಂದ ಮದನಪಲ್ಲಿ, ಪೀಲೇರು ಮಾರ್ಗವಾಗಿ ತಿರುಪತಿಗೆ ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಗೌರಿಬಿದನೂರಿನವರಿಗೆ ಇದು ಇನ್ನೂ ಹೆಚ್ಚು. ಇಷ್ಟು ನಡೆದಾದ ಮೇಲೆ ಅಲಿಪಿರಿಯಿಂದ ತಿರುಮಲೆಗೆ ೩,೫೫೦ ಮೆಟ್ಟಿಲುಗಳನ್ನು ಹತ್ತತಕ್ಕದ್ದು ಬಾಕಿ ಇರುತ್ತದೆ.

ಹರಕೆಯ ವಿಚಾರದಲ್ಲಿ ಈ ಲೇಖನ ಏನನ್ನೂ ಹೇಳಹೊರಟಿಲ್ಲ. ಅದು ಅವರವರ ಮನೆಯ ವಿಷಯ. ಆದರೆ ಹೋದವರಲ್ಲಿ ಎಷ್ಟೋ ಮಂದಿ ಎರಡನೆಯ ದಿನಕ್ಕೇ ಪಾದವೆಲ್ಲ ಬೊಬ್ಬೆಯೆದ್ದು, ಮಂಡಿ ಹಿಡಿದುಕೊಂಡು, ಅರ್ಧ ದಾರಿಯಲ್ಲಿ ಬಸ್ಸು ಹತ್ತಿ ಮರಳುತ್ತಾರೆ. ಹಠದಿಂದ ಮುಂದೆ ಹೋದವರು ಊರಿಗೆ ಬಂದ ಮೇಲೆ ಹದಿನೈದು ದಿನ ಗದ್ದೆಗೆ ಇಳಿಯಲಾರದೆ ಜಗಲಿಯ ಮೇಲೆ ಕೂರುತ್ತಾರೆ. ಮನೆಯಲ್ಲಿ ದುಡಿಯುವ ಆಳು ಒಬ್ಬನೇ ಆಗಿದ್ದು, ಆ ಹದಿನೈದು ದಿನ ಬಿತ್ತನೆಗೋ ಕಳೆಗೋ ಹುಳುವಿನ ಕೊನೆಯ ವಾರಕ್ಕೋ ಸಿಕ್ಕಿಕೊಂಡರೆ ನಷ್ಟವೆಷ್ಟು ಎಂಬುದನ್ನು ನಿಮಗೆ ಹೇಳಬೇಕಾದದ್ದಿಲ್ಲ. ಇದು ತಪ್ಪಿಸಬಹುದಾದ ನಷ್ಟ. ಎಂಟು ವಾರ ಮೊದಲೇ ಕಾಲನ್ನು ಪಳಗಿಸಿಕೊಂಡರೆ ಸಾಕು.

ಹೊಲದ ಬಲವೇ ಬೇರೆ, ದಾರಿಯ ಬಲವೇ ಬೇರೆ

"ಬೆಳಗಿನಿಂದ ಸಂಜೆಯವರೆಗೆ ಮಣ್ಣಿನಲ್ಲಿ ದುಡಿಯುವವರಿಗೆ ನಡಿಗೆಯ ಪಾಠ ಏಕೆ? ಅದೆಲ್ಲ ಪಟ್ಟಣದವರಿಗೆ" ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ನಮ್ಮ ರೈತನ ತೋಳು, ಬೆನ್ನು, ಹಿಡಿತ ಇವುಗಳ ಬಲಕ್ಕೆ ಯಾರೂ ಸಾಟಿಯಿಲ್ಲ. ಆದರೆ ಹೊಲದ ಕೆಲಸದಲ್ಲಿ ನಾವು ಬಗ್ಗುತ್ತೇವೆ, ಎತ್ತುತ್ತೇವೆ, ಕೂರುತ್ತೇವೆ; ಎಡೆಬಿಡದೆ ನಡೆಯುವುದು ಬಹಳ ಕಡಿಮೆ. ನೆಲ ಮೆತ್ತಗೆ ಇರುತ್ತದೆ, ಹೆಜ್ಜೆ ಒಂದೊಂದೂ ಒಂದೊಂದು ಬಗೆಯಲ್ಲಿ ಬೀಳುತ್ತದೆ. ಡಾಂಬರು ರಸ್ತೆಯಲ್ಲಾದರೋ ಒಂದೇ ಬಗೆಯ ಹೆಜ್ಜೆ, ಅದೇ ಹಿಮ್ಮಡಿಯ ಮೇಲೆ, ದಿನಕ್ಕೆ ಮೂವತ್ತು ನಲವತ್ತು ಸಾವಿರ ಸಾರಿ ಬೀಳುತ್ತದೆ. ಉತ್ತು ಪಳಗಿದ ಎತ್ತನ್ನು ಏಕಾಏಕಿ ಬಂಡಿಗೆ ಹೂಡಿ ದೂರದ ಸಂತೆಗೆ ಹೊಡೆದರೆ ಗೊರಸು ಸವೆದು ಕುಂಟುತ್ತದೆ. ಅದರಲ್ಲಿ ಬಲವಿಲ್ಲವೆಂದಲ್ಲ, ಆ ದಾರಿಗೆ ಅದು ಪಳಗಿಲ್ಲ ಅಷ್ಟೆ.

ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ತಾತಂದಿರು ನಡೆದಷ್ಟು ನಾವು ನಡೆಯುವುದಿಲ್ಲ. ಹಾಲಿನ ಡೇರಿಗೆ ಮೋಟಾರ್ ಸೈಕಲ್ಲು, ತೋಟಕ್ಕೆ ಮೋಟಾರ್ ಸೈಕಲ್ಲು, ಅಂಗಡಿಗೂ ಅದೇ. ಕೈವಾರದ ಯೋಗಿ ನಾರೇಯಣ ತಾತಯ್ಯನವರು ಬಳೆ ವ್ಯಾಪಾರ ಮಾಡುತ್ತ ಊರೂರು ತಿರುಗಿದವರೆಂಬುದು ಈ ಸೀಮೆಯಲ್ಲಿ ಎಲ್ಲರಿಗೂ ತಿಳಿದ ಕಥೆ. ಮಲಾರ ಹೊತ್ತು ನಡೆಯುವವರಿಗೆ ಪಾದಯಾತ್ರೆ ಎಂದು ಬೇರೆ ಏನೂ ಇರಲಿಲ್ಲ. ನಮಗೆ ಇದೆ. ರೇಷ್ಮೆ ಸಾಕುವವರ ಪಾಡಂತೂ ಇನ್ನೂ ವಿಚಿತ್ರ. ಹುಳುಮನೆಯಲ್ಲಿ ಹಗಲೂ ರಾತ್ರಿ ನಿಂತೇ ಇರುತ್ತಾರೆ, ಮೈ ದಣಿಯುತ್ತದೆ, ಆದರೆ ಒಂದು ಕಿಲೋಮೀಟರ್ ದಾರಿ ಸಾಗಿರುವುದಿಲ್ಲ. ದಣಿವಾದುದೆಲ್ಲ ನಡಿಗೆಯ ಅಭ್ಯಾಸವಾಗದು.

ಎರಡನೆಯ ದಿನ

ಮೊದಲ ದಿನ ಯಾರಾದರೂ ನಡೆಯುತ್ತಾರೆ. ಗೋವಿಂದ ನಾಮ ಹೇಳುತ್ತ, ಗುಂಪಿನ ಹುರುಪಿನಲ್ಲಿ ನಲವತ್ತು ಕಿಲೋಮೀಟರ್ ಹೋದದ್ದೂ ತಿಳಿಯುವುದಿಲ್ಲ. ಪರೀಕ್ಷೆ ಇರುವುದು ಮರುದಿನ ಬೆಳಿಗ್ಗೆ ಏಳುವಾಗ. ಅಭ್ಯಾಸವಿಲ್ಲದ ಸ್ನಾಯುವಿನ ನೋವು ಅದೇ ದಿನ ಕಾಣಿಸಿಕೊಳ್ಳದೆ ಇಪ್ಪತ್ತನಾಲ್ಕು ಗಂಟೆಯ ಮೇಲೆ ಶುರುವಾಗಿ ಎರಡು ಮೂರನೆಯ ದಿನಕ್ಕೆ ಹೆಚ್ಚುತ್ತದೆ. ಮೊದಲ ದಿನ ಮಾಡಿದ ಸಾಲವನ್ನು ಮೂರನೆಯ ದಿನ ತೀರಿಸಬೇಕಾಗುತ್ತದೆ ಎನ್ನಬಹುದು.

ಆದುದರಿಂದ ದಿನಕ್ಕೆ ಎಷ್ಟು ದೂರ ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ೧೯೩೦ರ ಮಾರ್ಚಿ ೧೨ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯವರು ಏಪ್ರಿಲ್ ೫ರಂದು ದಾಂಡಿಯನ್ನು ಮುಟ್ಟಿದರು. ದಾರಿ ಸುಮಾರು ೩೮೫ ಕಿಲೋಮೀಟರ್. ಸರಾಸರಿ ನೋಡಿದರೆ ದಿನಕ್ಕೆ ಹದಿನಾರು. ಆಗ ಅವರಿಗೆ ವಯಸ್ಸು ಅರವತ್ತು. ೧೯೫೧ರ ಏಪ್ರಿಲ್ ೧೮ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂದಾನವನ್ನು ಆರಂಭಿಸಿದ ವಿನೋಬಾ ಭಾವೆಯವರು ಐವತ್ತೈದು ವಯಸ್ಸಿನ ಮೇಲೆ ವರ್ಷಗಟ್ಟಲೆ ನಡೆದರು. ನಡೆಯುತ್ತಲೇ ಮೈಸೂರು ರಾಜ್ಯಕ್ಕೂ ಬಂದರು, ೧೯೫೭ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ಸಮ್ಮೇಳನ ನಡೆಯಿತು. ಹೊತ್ತು ಮೂಡುವ ಮುಂಚೆ ಹೊರಟು, ಬಿಸಿಲೇರುವುದರೊಳಗೆ ಮುಂದಿನ ಹಳ್ಳಿಯನ್ನು ಸೇರುವುದು ಅವರ ಪದ್ಧತಿ. ಇಬ್ಬರಲ್ಲಿ ಯಾರೂ ಒಂದೇ ದಿನದಲ್ಲಿ ದೊಡ್ಡ ದೂರ ನಡೆದು ತೋರಿಸಲಿಲ್ಲ. ಮರುದಿನವೂ ನಡೆಯಬಲ್ಲಷ್ಟನ್ನು ಮಾತ್ರ ನಡೆದರು. ನಮ್ಮ ತಂಡಗಳು ನಾಲ್ಕೇ ದಿನದಲ್ಲಿ ಮುಗಿಸಬೇಕೆಂದು ಪಂದ್ಯ ಕಟ್ಟಿದಂತೆ ಹೋಗುವುದು ನನಗೆ ಸರಿಕಾಣದು. ಅಭ್ಯಾಸ ಮಾಡಿದವರಿಗೂ ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ಸಾಕು. ಎರಡು ದಿನ ಹೆಚ್ಚು ಹಿಡಿಯಬಹುದು. ಊರಿಗೆ ಬಂದ ಮೇಲೆ ಹತ್ತು ದಿನ ಉಳಿಯುತ್ತದೆ.

ಎಂಟು ವಾರದ ಅಭ್ಯಾಸ

ಹೋರಿಕರುವನ್ನು ನೊಗಕ್ಕೆ ಪಳಗಿಸುವುದು ಹೇಗೆಂದು ನಿಮಗೆ ಗೊತ್ತಿದೆ. ಮೊದಲು ಬರಿಯ ನೊಗ, ಆಮೇಲೆ ಹಗುರ ಕೊರಡು, ಅನಂತರ ನೇಗಿಲು. ಕಾಲಿಗೂ ಇದೇ ಕ್ರಮ.

ಮೊದಲನೆಯ ವಾರ ನಾಲ್ಕು ದಿನ, ದಿನಕ್ಕೆ ನಾಲ್ಕೈದು ಕಿಲೋಮೀಟರ್ ಬಿರುಸಾಗಿ ನಡೆದರೆ ಸಾಕು. ಬಿರುಸು ಎಂದರೆ ಜೊತೆಯವರೊಡನೆ ಮಾತನಾಡಬಹುದು, ಆದರೆ ಪದ ಹಾಡಲು ಉಸಿರು ಸಾಲದು, ಅಷ್ಟು. ಡೇರಿಗೆ ಹಾಲು ಹಾಕಿ ಬರುವುದನ್ನು ನಡಿಗೆಯಲ್ಲೇ ಮಾಡಿದರೆ ಅರ್ಧ ಅಭ್ಯಾಸ ಅಲ್ಲಿಯೇ ಆಗುತ್ತದೆ. ವಾರಕ್ಕೊಂದು ದಿನ ಮಾತ್ರ ದೂರದ ನಡಿಗೆ ಇಟ್ಟುಕೊಳ್ಳಿ: ಮೊದಲ ವಾರ ಆರು ಕಿಲೋಮೀಟರ್, ಅನಂತರ ಎಂಟು, ಹತ್ತು. ನಾಲ್ಕನೆಯ ವಾರ ಮತ್ತೆ ಎಂಟಕ್ಕೆ ಇಳಿಸಿ ಮೈಗೆ ಸುಧಾರಿಸಿಕೊಳ್ಳಲು ಬಿಡಬೇಕು. ಈ ಇಳಿಸುವ ವಾರವನ್ನು ಹುರುಪಿನವರು ಬಿಟ್ಟುಬಿಡುತ್ತಾರೆ, ಬಿಡಕೂಡದು. ಉಸಿರು ಬೇಗ ಪಳಗುತ್ತದೆ, ಸ್ನಾಯು ಅದಕ್ಕಿಂತ ನಿಧಾನ, ಎಲುಬು ಮತ್ತು ನರಕಟ್ಟು ಎಲ್ಲಕ್ಕಿಂತ ನಿಧಾನ. ಉಸಿರು ಸಾಕಷ್ಟಿದೆಯೆಂದು ಓಡಿದವರಿಗೆ ಹಿಮ್ಮಡಿಯ ನೋವು ಹಿಡಿಯುವುದು ಇದರಿಂದಲೇ. ಐದನೆಯ ವಾರ ಹನ್ನೆರಡು ಕಿಲೋಮೀಟರ್.

ಆರನೆಯ ಮತ್ತು ಏಳನೆಯ ವಾರ ಮುಖ್ಯವಾದವು. ಒಂದೇ ದಿನ ಮೂವತ್ತು ಕಿಲೋಮೀಟರ್ ನಡೆದು ನೋಡುವುದಕ್ಕಿಂತ, ಇವತ್ತು ಹದಿನೈದು, ನಾಳೆ ಮತ್ತೆ ಹದಿನೈದು ನಡೆಯುವುದು ಮೇಲು. ನೊಂದ ಕಾಲಿನಲ್ಲಿ ನಡೆಯುವುದು ಹೇಗೆಂಬುದನ್ನು ಕಲಿಸುವುದು ಆ ಎರಡನೆಯ ಹದಿನೈದು. ಚಿಂತಾಮಣಿಯ ಕಡೆಯವರು ಕೈವಾರಕ್ಕೆ ನಡೆದು ಹೋಗಿ, ರಾತ್ರಿ ಅಲ್ಲಿ ಉಳಿದು, ಮರುದಿನ ನಡೆದೇ ಮರಳಿದರೆ ಈ ಪರೀಕ್ಷೆ ತಾನಾಗಿಯೇ ಆಯಿತು. ಕೊನೆಯ ವಾರ ಅರ್ಧಕ್ಕೆ ಇಳಿಸಿ, ಹೊರಡುವ ಹಿಂದಿನ ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳುವುದು ಉಚಿತ.

ಬೆಟ್ಟದ ಅಭ್ಯಾಸಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಂದಿಬೆಟ್ಟ ೧,೪೭೮ ಮೀಟರ್ ಎತ್ತರ. ಸುಲ್ತಾನ್‌ಪೇಟೆಯ ಕಡೆಯಿಂದ ಹಳೆಯ ಮೆಟ್ಟಿಲು ದಾರಿಯಿದೆ. ಶಿಡ್ಲಘಟ್ಟದವರಿಗೆ ತಲಕಾಯಲಬೆಟ್ಟ, ಚಿಂತಾಮಣಿಯವರಿಗೆ ಅಂಬಾಜಿದುರ್ಗ. ಗೌರಿಬಿದನೂರಿನವರು ವಿದುರಾಶ್ವತ್ಥಕ್ಕೆ ಹೋಗಿ ಬಂದರೆ ಸುಮಾರು ಹನ್ನೆರಡು ಕಿಲೋಮೀಟರ್ ಸಮದಾರಿಯ ನಡಿಗೆಯಾಗುತ್ತದೆ. ಆಷಾಢದಲ್ಲಿ ನಡೆಯುವ ನಂದಿ ಗಿರಿಪ್ರದಕ್ಷಿಣೆಯೂ ನಿಮ್ಮ ಕಾಲು ಎಷ್ಟರಮಟ್ಟಿಗೆ ಇದೆಯೆಂದು ನೋಡಿಕೊಳ್ಳಲು ಒಳ್ಳೆಯ ಸಂದರ್ಭ.

ಬೆಟ್ಟ ಹತ್ತುವುದಕ್ಕಿಂತ ಇಳಿಯುವುದೇ ತೊಡೆಗೆ ಹೆಚ್ಚು ಪೆಟ್ಟು. ಇಳಿಜಾರಿನಲ್ಲಿ ತುಂಬಿದ ಬಂಡಿ ಇಳಿಯುವಾಗ ಎತ್ತುಗಳು ನೊಗವನ್ನು ಹಿಂದಕ್ಕೆ ತಡೆದು ಹಿಡಿಯುವುದನ್ನು ಹಿರಿಯರು ಕಂಡಿದ್ದಾರೆ. ನಮ್ಮ ತೊಡೆಯೂ ಹಾಗೆಯೇ ಮೈಭಾರವನ್ನು ತಡೆಯುತ್ತ, ತಡೆಯುತ್ತಲೇ ಹಿಗ್ಗುತ್ತದೆ. ಮರುದಿನ ಕಕ್ಕಸಿಗೆ ಕೂರಲು ಆಗದಷ್ಟು ನೋವು ಬರುವುದು ಇದರಿಂದ. ಎರಡು ಮೂರು ಸಾರಿ ಇಳಿದು ಅಭ್ಯಾಸವಾದ ಮೇಲೆ ಅದೇ ಇಳಿತ ಅಷ್ಟು ನೋಯಿಸುವುದಿಲ್ಲ. ಬೆಟ್ಟಕ್ಕೆ ಹೋಗಲು ಬಿಡುವಿಲ್ಲದವರು ಮನೆಯ ಜಗಲಿಯ ಮೆಟ್ಟಿಲನ್ನೇ ಹತ್ತಿ ಇಳಿಯಬಹುದು. ಇಳಿಯುವಾಗ ಮೂರು ಎಣಿಸುವಷ್ಟು ನಿಧಾನವಾಗಿ, ಒಂದೊಂದು ಕಾಲಿಗೆ ಹತ್ತು ಸಾರಿ. ಹದಿನೈದು ಬಸ್ಕಿ, ಹೊಸ್ತಿಲಿನ ಮೇಲೆ ತುದಿಗಾಲಿನಲ್ಲಿ ನಿಂತು ಮೀನಖಂಡವನ್ನು ಎಳೆಯುವುದು ಹದಿನೈದು ಸಾರಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಯಾವ ಕಾಲದಲ್ಲಿ ಹೋಗಬೇಕೆಂಬುದು ಬೇಸಾಯಕ್ಕೆ ಸೇರಿದ ಪ್ರಶ್ನೆ. ವೈಕುಂಠ ಏಕಾದಶಿಗೆ ಹೋಗುವವರು ದೀಪಾವಳಿ ಕಳೆದ ಕೂಡಲೇ ಅಭ್ಯಾಸ ಹಿಡಿಯಬೇಕು. ಆಗ ರಾಗಿ ಕಟಾವು ಎದುರಿಗೇ ಇರುತ್ತದೆ. ದಿನವೆಲ್ಲ ಬಗ್ಗಿ ಕುಯ್ದ ಸಂಜೆ ದೂರದ ನಡಿಗೆ ಬೇಡ, ಕಟಾವಿನ ವಾರವನ್ನೇ ಇಳಿಸುವ ವಾರವನ್ನಾಗಿ ಮಾಡಿಕೊಳ್ಳಿ. ಶ್ರಾವಣ ಶನಿವಾರಕ್ಕೆ ಹೋಗುವುದಾದರೆ ರಾಗಿ ಬಿತ್ತನೆಗೆ ಅಡ್ಡ ಬರುತ್ತದೆ. ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಒಕ್ಕಣೆ ಮುಗಿದ ಮೇಲಿನ ಮಾಘ ಮಾಸ ಒಳ್ಳೆಯದು, ಬಿಸಿಲೂ ಹಿತವಾಗಿರುತ್ತದೆ. ರೇಷ್ಮೆಯವರು ನಾಲ್ಕನೆಯ ಜ್ವರ ಎದ್ದ ಮೇಲೆ ಹಣ್ಣಾಗುವವರೆಗಿನ ವಾರದಲ್ಲಿ ನಡಿಗೆಯನ್ನು ನಿಲ್ಲಿಸಿ, ಗೂಡು ಮಾರಿದ ಮೇಲೆ ನಿಂತಲ್ಲಿಂದ ಮುಂದುವರಿಸಬಹುದು. ಒಂದು ವಾರ ಬಿಟ್ಟರೆ ಅಭ್ಯಾಸ ಹಾಳಾಗದು. ಮೂರು ವಾರ ಬಿಟ್ಟರೆ ಮಾತ್ರ ಹಿಂದಕ್ಕೆ ಹೋಗಿ ಆರಂಭಿಸಬೇಕು.

ಪಾದ

ಮಂಡಿಗಿಂತ ಹೆಚ್ಚು ಜನರನ್ನು ದಾರಿಯಲ್ಲಿ ನಿಲ್ಲಿಸುವುದು ಬೊಬ್ಬೆ. ಬೊಬ್ಬೆಗೆ ಕಾರಣ ಮೂರು: ತೇವ, ಶಾಖ, ಉಜ್ಜಾಟ. ಇವುಗಳಲ್ಲಿ ಯಾವುದನ್ನು ತಪ್ಪಿಸಿದರೂ ಬೊಬ್ಬೆ ಕಡಿಮೆ. ಯಾತ್ರೆಗೆಂದು ಹೊಸ ಚಪ್ಪಲಿ, ಹೊಸ ಬೂಟು ಕೊಂಡು ಅದೇ ದಿನ ಮೆಟ್ಟುವುದು ಸರ್ವೇಸಾಮಾನ್ಯ. ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಕೊಳ್ಳುವುದಾದರೆ ಅಭ್ಯಾಸದ ಮೊದಲ ವಾರವೇ ಕೊಂಡು, ಅದರಲ್ಲಿಯೇ ಎಂಟು ವಾರ ನಡೆಯಬೇಕು. ಸಂಜೆಯ ಹೊತ್ತು ಕೊಳ್ಳಿ, ಆಗ ಪಾದ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗ ಉಳಿಯಬೇಕು. ಕಾಲುಚೀಲ ಎರಡು ಜೊತೆ ಇರಲಿ, ಬೆವತದ್ದನ್ನು ಚೀಲಕ್ಕೆ ಕಟ್ಟಿ ಒಣಗಿಸುತ್ತ ಇನ್ನೊಂದನ್ನು ತೊಡಬಹುದು. ಉಗುರನ್ನು ಹೊರಡುವುದಕ್ಕೆ ಮೂರು ನಾಲ್ಕು ದಿನ ಮೊದಲೇ ನೆಟ್ಟಗೆ ಕತ್ತರಿಸಿ. ಬೆರಳ ಸಂದಿಗೂ ತೊಡೆಯ ಸಂದಿಗೂ ಬೆಳಿಗ್ಗೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿಕೊಂಡರೆ ಉಜ್ಜಾಟ ತಗ್ಗುತ್ತದೆ.

ನಡೆಯುತ್ತಿರುವಾಗ ಪಾದದಲ್ಲಿ ಒಂದು ಕಡೆ ಬಿಸಿಯಾದಂತೆ ತೋರಿದರೆ ಆ ಕ್ಷಣವೇ ಕುಳಿತು ನೋಡಬೇಕು. ಮುಂದಿನ ಊರಿನಲ್ಲಿ ನೋಡೋಣವೆಂದರೆ ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಒರೆಸಿ ಒಣಗಿಸಿ ಅಂಟುಪಟ್ಟಿ ಹಾಕಿದರೆ ಅಲ್ಲಿಗೇ ನಿಲ್ಲುತ್ತದೆ. ಎದ್ದುಬಿಟ್ಟರೆ ಚರ್ಮವನ್ನು ಕಿತ್ತುಹಾಕಕೂಡದು. ಅದೇ ಅದಕ್ಕೆ ಮುಚ್ಚಳ. ದೊಡ್ಡದಾಗಿ ನೋಯುತ್ತಿದ್ದರೆ ಸಾಬೂನು ನೀರಿನಲ್ಲಿ ತೊಳೆದು, ಕುದಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಶುದ್ಧವಾದ ಬಟ್ಟೆ ಕಟ್ಟಬಹುದು. ಸೂಜಿಗೆ ದಾರ ಪೋಣಿಸಿ ಬೊಬ್ಬೆಯೊಳಗೇ ಬಿಡುವ ಹಳೆಯ ರೂಢಿ ಕೀವಿಗೆ ದಾರಿ ಮಾಡುತ್ತದೆ. ಬರಿಗಾಲಿನ ಹರಕೆ ಹೊತ್ತವರು ಅಭ್ಯಾಸವನ್ನೂ ಬರಿಗಾಲಿನಲ್ಲಿಯೇ ಮಾಡಬೇಕು. ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಡಾಂಬರಿನ ಮೇಲೆ ಕಾಲಿಡಬಾರದು. ಧನುರ್ವಾತದ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು ಹೊರಡಿ.

ಸಕ್ಕರೆ ಕಾಯಿಲೆಯವರಿಗೆ ಈ ಮಾತುಗಳು ಸಾಲವು. ಕೆಲವರಿಗೆ ಪಾದದ ಸ್ಪರ್ಶವೇ ಮಂದವಾಗಿರುವುದರಿಂದ ಬೊಬ್ಬೆ ಒಡೆದು ಹುಣ್ಣಾದರೂ ತಿಳಿಯುವುದಿಲ್ಲ, ಆ ಹುಣ್ಣು ಕಾಲನ್ನೇ ತೆಗೆಯುವವರೆಗೂ ಹೋದ ಸಂಗತಿಗಳಿವೆ. ಅಂಥವರು ವೈದ್ಯರನ್ನು ಕೇಳದೆ ಹೊರಡಕೂಡದು, ಬರಿಗಾಲಂತೂ ಸಲ್ಲದು, ಬೊಬ್ಬೆಯನ್ನು ತಾವೇ ಚುಚ್ಚಿಕೊಳ್ಳಬಾರದು. ಮಾತ್ರೆ ನುಂಗಿ ದಿನವೆಲ್ಲ ನಡೆದರೆ ಸಕ್ಕರೆ ತೀರ ಇಳಿದು ಕಣ್ಣು ಕತ್ತಲಿಡಬಹುದು. ಬೆಲ್ಲದ ಚೂರು ಜೇಬಿನಲ್ಲಿರಲಿ. ನಲವತ್ತು ದಾಟಿದವರೆಲ್ಲ ಅಭ್ಯಾಸ ಆರಂಭಿಸುವ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳುವುದು ಅವಶ್ಯಕ. ನಡೆಯುವಾಗ ಎದೆ ಬಿಗಿದಂತಾಗಿ, ನಿಂತರೆ ಸರಿಹೋಗುವವರು ಅಭ್ಯಾಸವನ್ನು ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ನೋಡಿಸಿಕೊಳ್ಳಲಿ. ೧೨ ಗ್ರಾಂಗಿಂತ ಕಡಿಮೆಯಿದ್ದರೆ ರಕ್ತ ಕಡಿಮೆಯೆಂದೇ ಅರ್ಥ. ಬೇಗ ಏದುಸಿರು ಬರುವುದನ್ನು ಸೋಮಾರಿತನವೆಂದು ಅತ್ತೆ ಮಾವಂದಿರು ತಿಳಿಯಬಾರದು.

ನಮ್ಮ ಜಿಲ್ಲೆಗೆ ಸೇರಿದ ಇನ್ನೊಂದು ತೊಂದರೆಯಿದೆ. ಅನೇಕ ಆಳವಾದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ ೧.೫ ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಕತ್ತು, ಮಂಡಿಗಳು ಬಿಗಿದುಕೊಳ್ಳುತ್ತವೆ. ಇದು ಅಭ್ಯಾಸದಿಂದ ಸಡಿಲಗೊಳ್ಳುವ ಬಿಗಿತವಲ್ಲ. ಬಗ್ಗಿ ನೆಲ ಮುಟ್ಟಲಾರದವರು, ಗದ್ದವನ್ನು ಎದೆಗೆ ತಾಗಿಸಲಾರದವರು ನಡಿಗೆಗಿಂತ ಮೊದಲು ವೈದ್ಯರಿಗೆ ತೋರಿಸಿ, ಮನೆಗೆ ಶುದ್ಧೀಕರಣ ಘಟಕದ ನೀರನ್ನು ತರತಕ್ಕದ್ದು.

ಊಟ, ನೀರು

ಊಟದ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ರಾಗಿ ಮುದ್ದೆ, ಹುರುಳಿ ಅಥವಾ ಅವರೆಯ ಸಾರು, ಸೊಪ್ಪು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ. ಇದಕ್ಕಿಂತ ಬೇರೆ ಡಬ್ಬಿಯ ಪುಡಿಗಳು ಬೇಡ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ದಾರಿಗೆ ಹುರಿದ ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು. ಹೊಟ್ಟೆ ತುಂಬ ಉಂಡು ನಡೆಯುವುದಕ್ಕಿಂತ ಎರಡು ಗಂಟೆಗೊಮ್ಮೆ ಸ್ವಲ್ಪ ತಿನ್ನುವುದು ಲೇಸು.

ಬಾಯಾರಿಕೆಯಾದಾಗ ಕುಡಿಯಿರಿ, ಮೂತ್ರ ಗಾಢ ಹಳದಿಯಾದರೆ ಇನ್ನೂ ಕುಡಿಯಬೇಕೆಂದು ತಿಳಿಯಿರಿ. ಬಹಳ ಬೆವರಿದ ದಿನ ಬರಿಯ ನೀರೇ ಸಾಲದು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಬೇಕು. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಆಗಾಗ್ಗೆ ಕುಡಿಯುತ್ತಿರಬೇಕು. ಅಳತೆ ತಪ್ಪಬಾರದು. ಬಿಸಿಲಿನಲ್ಲಿ ಯಾರಾದರೂ ತೊದಲಿದರೆ, ಅಸಂಬದ್ಧ ಮಾತನಾಡಿದರೆ, ಮೈ ಸುಡುತ್ತಿದ್ದರೆ ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಬೀಸುತ್ತ ೧೦೮ಕ್ಕೆ ಕರೆ ಮಾಡಿ. ಆಂಧ್ರದಲ್ಲಿಯೂ ಇದೇ ಸಂಖ್ಯೆ.

ನೋವಿನ ಮಾತ್ರೆಯನ್ನು ನುಂಗುತ್ತ ನಡೆಯುವ ರೂಢಿ ಹೆಚ್ಚುತ್ತಿದೆ. ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಈ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಮಾತ್ರೆಯಿಲ್ಲದೆ ಹೆಜ್ಜೆ ಇಡಲಾಗದಿದ್ದರೆ ಅಂದು ವಿಶ್ರಮಿಸಬೇಕೆಂದೇ ಅರ್ಥ.

ದಾರಿಯಲ್ಲಿ ಮತ್ತು ಮರಳಿದ ಮೇಲೆ

ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹತ್ತಕ್ಕೆ ನಿಲ್ಲಿಸಿ, ಸಂಜೆ ಎರಡು ಗಂಟೆ ನಡೆದರೆ ಇಪ್ಪತ್ತೈದು ಕಿಲೋಮೀಟರ್ ಸುಲಭವಾಗಿ ಸಾಗುತ್ತದೆ. ಗಂಟೆಗೊಮ್ಮೆ ಹತ್ತು ನಿಮಿಷ ಚಪ್ಪಲಿ ಕಳಚಿ, ಕಾಲನ್ನು ಮೇಲಕ್ಕೆ ಒರಗಿಸಿ ಕೂರಬೇಕು. ತಂಡದಲ್ಲಿ ಎಲ್ಲರಿಗಿಂತ ನಿಧಾನವಾದವರನ್ನು ಮುಂದೆ ಬಿಡಿ. ಕತ್ತಲಲ್ಲಿ ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಸಾಲಾಗಿ ನಡೆಯಬೇಕು, ಮುಂದಿನವನೂ ಹಿಂದಿನವನೂ ಬ್ಯಾಟರಿ ಹಿಡಿದಿರಬೇಕು, ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸಿಕೊಳ್ಳಬೇಕು. ಅಲಿಪಿರಿಯ ದಾರಿಯಲ್ಲಿ ೨೦೨೩ರಲ್ಲಿ ಚಿರತೆಯ ದಾಳಿಯಿಂದ ಮಗುವೊಂದು ತೀರಿಕೊಂಡ ನಂತರ ಮಕ್ಕಳೊಡನೆ ಹತ್ತುವವರಿಗೆ ಹೊತ್ತಿನ ನಿರ್ಬಂಧಗಳು ಬಂದವು. ಹೋಗುವ ದಿನ ಯಾವ ನಿಯಮವಿದೆಯೆಂದು ಕೆಳಗೇ ವಿಚಾರಿಸಿಕೊಳ್ಳಿ. ತಿರುಪತಿಗೆ ತಲಪಿದ ದಿನವೇ ಮೆಟ್ಟಿಲು ಹತ್ತದೆ ಒಂದು ರಾತ್ರಿ ಮಲಗಿ ಬೆಳಿಗ್ಗೆ ಹತ್ತುವುದು ಒಳ್ಳೆಯದು. ಶ್ರೀವಾರಿ ಮೆಟ್ಟಿನ ದಾರಿಯಲ್ಲಿ ೨,೩೮೮ ಮೆಟ್ಟಿಲು. ದೂರ ಕಡಿಮೆ, ಆದರೆ ಏರು ಕಡಿದು. ಹಿಂದಕ್ಕೆ ಇಳಿಯುವಾಗ ಬಸ್ಸಿನಲ್ಲಿ ಇಳಿಯಿರಿ. ಹರಕೆ ಹತ್ತುವುದಕ್ಕೆ ಮಾತ್ರ ಎಂದು ಹಿರಿಯರೂ ಹೇಳುತ್ತಾರೆ, ತೊಡೆಯ ದೃಷ್ಟಿಯಿಂದಲೂ ಅದೇ ಸರಿ.

ಊರಿಗೆ ಬಂದ ಮೇಲೆ ಪೂರ್ತಿ ಮಲಗಿಬಿಡಬೇಡಿ. ಮೊದಲ ಮೂರು ದಿನ ಅರ್ಧ ಗಂಟೆಯ ಸಣ್ಣ ನಡಿಗೆ, ಬಿಸಿನೀರ ಸ್ನಾನ, ಚೆನ್ನಾಗಿ ನಿದ್ರೆ. ಅಗೆತ, ಮೂಟೆ ಹೊರುವುದು ಒಂದು ವಾರದ ಮೇಲೆ. ಮುಂದಿನ ವರ್ಷವೂ ಹೋಗುವವರು ವಾರಕ್ಕೆ ಎರಡು ದಿನದ ನಡಿಗೆಯನ್ನೂ ತಿಂಗಳಿಗೊಂದು ಬೆಟ್ಟವನ್ನೂ ಬಿಡದಿದ್ದರೆ ಎಂಟು ವಾರದ ಬದಲು ನಾಲ್ಕು ವಾರದ ಅಭ್ಯಾಸದಲ್ಲಿ ಸಿದ್ಧವಾಗಬಹುದು. ರೇಷ್ಮೆಯವರು ಚಾಕಿ ಹುಳು ತರುವ ತಾರೀಖನ್ನು ಮರಳಿ ಬರುವ ದಿನದಿಂದ ಒಂದು ವಾರ ಮುಂದಕ್ಕೆ ಇಟ್ಟುಕೊಂಡು, ಹೊರಡುವ ಮುನ್ನವೇ ಚಾಕಿ ಕೇಂದ್ರದವರಿಗೆ ತಿಳಿಸಿರಬೇಕು.